ಜೆಟ್ಟಿಯಿಲ್ಲದ ದಡ: ಐಎನ್‌ಎಸ್ ಮಗರ್ ಸೇವಾಚರಿತ್ರೆಯ ಮರುಪರಿಶೀಲನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಅಟ್ಟಗಳಲ್ಲಿ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿ ಮಾರುಕಟ್ಟೆ ಸೇರಲು ರಸ್ತೆಯಿದೆ, ರೈಲಿದೆ. ಕೊಬ್ಬರಿಯನ್ನೇ ನೆಚ್ಚಿಕೊಂಡ ನಿಕೋಬಾರ್ ದ್ವೀಪಗಳಿಗೆ ಹಡಗೇ ದಾರಿ. 2004ರ ಡಿಸೆಂಬರ್ 26ರ ಸುನಾಮಿ ಅಲ್ಲಿನ ತೆಂಗಿನ ತೋಟಗಳ ಜೊತೆಗೆ ಜೆಟ್ಟಿಗಳನ್ನೂ ಹಾಳುಗೆಡವಿತು. ಒಂದು ಬೆಳೆಯ ಮೇಲೆ ನಿಂತ ಬದುಕು ಎಂಥದೆಂದು ಬಲ್ಲ ತೆಂಗಿನಸೀಮೆಯವರಿಗೆ ಈ ನಷ್ಟದ ಆಳವನ್ನು ವಿವರಿಸಬೇಕಿಲ್ಲ. ಜೆಟ್ಟಿ ಕಳೆದುಕೊಂಡ ಅಂಥ ದಡಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಸೈನ್ಯ ಇಳಿಸುವ ಹಡಗಿನ ಚರಿತ್ರೆಯನ್ನು ಯುದ್ಧದ ಲೆಕ್ಕದಲ್ಲಷ್ಟೇ ಬರೆಯುವುದು ಸರಿಯಲ್ಲ ಎಂಬುದು ನನ್ನ ವಾದ. ಕೋಲ್ಕತ್ತದ ಗಾರ್ಡನ್ ರೀಚ್ ಕಾರ್ಖಾನೆಯಲ್ಲಿ ಕಟ್ಟಿದ ಐಎನ್‌ಎಸ್ ಮಗರ್ 1987ರಲ್ಲಿ ಸೇವೆಗೆ ಸೇರಿತು; ಉದ್ದ ಸುಮಾರು 120 ಮೀಟರ್. ಟ್ಯಾಂಕುಗಳನ್ನೂ ನೂರಾರು ಸೈನಿಕರನ್ನೂ ಹೊತ್ತು, ಮುಂಭಾಗದ ಬಾಗಿಲು ತೆರೆದು ಮರಳಿಗೇ ಇಳಿಸುವುದು ಅದರ ಕೆಲಸ. ಸುನಾಮಿಯ ನಂತರ ಅದೇ ಹಡಗು 1,300ಕ್ಕೂ ಹೆಚ್ಚು ಸಂತ್ರಸ್ತರಿಗೆ ನೆರವಾಯಿತು.

ಯುದ್ಧಕ್ಕೆ ಕಟ್ಟಿದ್ದನ್ನು ಪರಿಹಾರ ಕಾರ್ಯದಿಂದ ಅಳೆಯುವುದು ತಪ್ಪು ಎನ್ನುವವರಿದ್ದಾರೆ. ಆದರೆ ಯುದ್ಧದ ದಾಖಲೆಯೂ ದಡದ ಕಡೆಗೇ ಬೆರಳು ಮಾಡುತ್ತದೆ. 1971ರ ಡಿಸೆಂಬರ್‌ನಲ್ಲಿ, ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಬಳಿ ಘರಿಯಾಲ್ ಮತ್ತು ಗುಲ್ದಾರ್ ಹಡಗುಗಳು ಗೂರ್ಖಾ ಸೈನಿಕರನ್ನು ಇಳಿಸಲು ಹೋದಾಗ ಅಡ್ಡ ಬಂದದ್ದು ನೀರಿನಡಿಯ ಮರಳಿನ ದಿಣ್ಣೆ. ದಡ ತಲುಪಲಾಗದೆ ಕೆಲವು ಸೈನಿಕರು ಮುಳುಗಿ ಸತ್ತರು. ದಡದ ಇಳಿಜಾರು, ಉಬ್ಬರದ ಹೊತ್ತು, ಮರಳಿನ ಗಟ್ಟಿತನ ತಿಳಿಯದಿದ್ದರೆ ಯಾವ ಹಡಗೂ ಗೆಲ್ಲಲಾರದು.

ಪರಿಹಾರ ಕಾರ್ಯಕ್ಕೆ ಮರಳಿಗೇರುವ ಶಕ್ತಿಯೇ ಬೇಕಿಲ್ಲ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕೋವಿಡ್ ವೇಳೆ, 2020ರ ಮೇ 12ರಂದು ಮಗರ್ ಮಾಲ್ಡೀವ್ಸ್‌ನ ಮಾಲೆಯಿಂದ 202 ಜನರನ್ನು ಕೊಚ್ಚಿಗೆ ತಂದಾಗ ಮರಳಿಗೇರಬೇಕಾದ ಪ್ರಸಂಗವೇ ಬರಲಿಲ್ಲ. ಅಲ್ಲಿ ಒದಗಿದ್ದು ಹಡಗಿನೊಳಗಿನ ವಿಶಾಲ ಜಾಗ ಮಾತ್ರ. ಇದನ್ನು ಒಪ್ಪಲೇಬೇಕು. ಜಾಗವಷ್ಟೇ ಸಾಕಾದಲ್ಲಿ 2007ರಲ್ಲಿ ಅಮೆರಿಕದಿಂದ ಪಡೆದ ಐಎನ್‌ಎಸ್ ಜಲಾಶ್ವ ಹಡಗೇ ಹೆಚ್ಚು ಸಮರ್ಥ: ಅದೇ ಮೇ ತಿಂಗಳಲ್ಲಿ ಅದು ಮಾಲೆಯಿಂದ ಒಂದೇ ಸಲಕ್ಕೆ 698 ಜನರನ್ನು ಕರೆತಂದಿತು. ಆದರೆ ಜೆಟ್ಟಿ ಮುರಿದಲ್ಲಿ ಜಲಾಶ್ವ ಆಳದ ನೀರಿನಲ್ಲೇ ನಿಂತು, ತನ್ನೊಡಲಿನ ಸಣ್ಣ ದೋಣಿಗಳನ್ನು ದಡಕ್ಕೆ ಕಳಿಸಬೇಕಾಗುತ್ತದೆ. 2023ರ ಮೇ 6ರಂದು ಕೊಚ್ಚಿಯಲ್ಲಿ ಮಗರ್ ನಿವೃತ್ತವಾಯಿತು. 2017ರಿಂದ 2021ರೊಳಗೆ ನೌಕಾಪಡೆಗೆ ಸೇರಿ ಅಂಡಮಾನ್ ನೆಲೆಯಲ್ಲಿರುವ ಎಂಟು ಎಲ್‌ಸಿಯು (ದಡಕ್ಕಿಳಿಸುವ ಸಣ್ಣ ನೌಕೆ) ಹಡಗುಗಳು ಈಗ ಮರಳಿಗೇರುವ ಕೆಲಸಕ್ಕಿವೆ. ಅವು ಸಣ್ಣವು, ದೂರದ ಸಾಗರಯಾನಕ್ಕೆ ದೊಡ್ಡ ಹಡಗಿಗೆ ಸಾಟಿಯಲ್ಲ. ಹಾಗಾಗಿ ಮಗರ್ ಬಿಟ್ಟುಹೋದ ಜಾಗವನ್ನು ಅವು ಅರ್ಧ ಮಾತ್ರ ತುಂಬಿವೆ.