ಶೆಲ್: ಯೂನಿಕ್ಸ್ ಆದೇಶಭಾಷೆಯ ಇತಿಹಾಸ

ಶೆಲ್ ಎಂಬುದು ಬಳಕೆದಾರರು ಕೀಲಿಮಣೆಯಿಂದ ಕೊಡುವ ಆದೇಶಗಳನ್ನು ಸಾಲುಸಾಲಾಗಿ ಓದಿ, ಅವುಗಳಿಗೆ ತಕ್ಕ ಪ್ರೋಗ್ರಾಮುಗಳನ್ನು ಕಾರ್ಯಾಚರಣ ವ್ಯವಸ್ಥೆಯ ಮೂಲಕ ನಡೆಸುವ ತಂತ್ರಾಂಶ. ಇಂಥ ಆದೇಶಗಳನ್ನು ಕಡತವೊಂದರಲ್ಲಿ ಬರೆದಿಟ್ಟು ಒಟ್ಟಿಗೆ ನಡೆಸಿದರೆ ಆ ಕಡತ ಶೆಲ್ ಸ್ಕ್ರಿಪ್ಟ್ ಎನಿಸಿಕೊಳ್ಳುತ್ತದೆ. ಯೂನಿಕ್ಸ್ ಪರಂಪರೆಯಲ್ಲಿ ಶೆಲ್ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಹೊರಗಿರುವ, ಯಾರು ಬೇಕಾದರೂ ಬರೆದು ಬದಲಾಯಿಸಿಕೊಳ್ಳಬಹುದಾದ ಸಾಮಾನ್ಯ ಪ್ರೋಗ್ರಾಮು. ಆದ್ದರಿಂದಲೇ ಒಂದರ ಬೆನ್ನಿಗೆ ಒಂದರಂತೆ ಹಲವು ಶೆಲ್‌ಗಳು ಹುಟ್ಟಿದವು. ಆದರೆ ಹಳೆಯ ಸ್ಕ್ರಿಪ್ಟ್‌ಗಳು ಕೆಲಸ ಮಾಡುತ್ತಲೇ ಇರಬೇಕಾಗಿದ್ದರಿಂದ ಈ ಆದೇಶಭಾಷೆಯ ವ್ಯಾಕರಣ 1970ರ ದಶಕದಲ್ಲಿ ಪಡೆದ ರೂಪವನ್ನೇ ಬಹುಮಟ್ಟಿಗೆ ಉಳಿಸಿಕೊಂಡಿದೆ.

ಪೂರ್ವಭಾವಿ ಪ್ರಯತ್ನಗಳು

1960ರ ದಶಕದ ಆರಂಭದಲ್ಲಿ ಕಂಪ್ಯೂಟರಿಗೆ ಕೆಲಸ ಒಪ್ಪಿಸಬೇಕಾದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಕೊಟ್ಟು ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಪ್ರದರ್ಶಿಸಿದ ಸಿಟಿಎಸ್ಎಸ್ ವ್ಯವಸ್ಥೆಯು ಒಂದೇ ಯಂತ್ರದ ಸಮಯವನ್ನು ಹಲವರಿಗೆ ಹಂಚಿ, ಪ್ರತಿಯೊಬ್ಬರೂ ಆದೇಶ ಕೊಟ್ಟು ಕೂಡಲೇ ಉತ್ತರ ಪಡೆಯುವಂತೆ ಮಾಡಿತು. ಅಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ತಂತ್ರಜ್ಞ ಲೂಯಿ ಪೂಜಾನ್, ಕಡತದಲ್ಲಿರುವ ಆದೇಶಗಳನ್ನು ಒಂದೊಂದಾಗಿ ನಡೆಸುವ ರನ್‌ಕಾಮ್ ಎಂಬ ಪ್ರೋಗ್ರಾಮನ್ನು ಬರೆದರು. ಇಂದಿಗೂ ಶೆಲ್‌ನ ಆರಂಭಿಕ ಕಡತಗಳ ಹೆಸರಿನ ಕೊನೆಯಲ್ಲಿ ಕಾಣುವ ‘ಆರ್‌ಸಿ’ ಎಂಬ ಎರಡಕ್ಷರಗಳು ರನ್‌ಕಾಮ್‌ನಿಂದಲೇ ಬಂದವು. ಮುಂದಿನ ಮಲ್ಟಿಕ್ಸ್ ಯೋಜನೆಗಾಗಿ ಆದೇಶಗಳನ್ನು ಅರ್ಥೈಸುವ ಭಾಗವನ್ನು ಪ್ರತ್ಯೇಕ ಪ್ರೋಗ್ರಾಮಾಗಿ ಇಡಬೇಕೆಂದು ಸೂಚಿಸಿ ಅದಕ್ಕೆ ಶೆಲ್ ಎಂದು ಹೆಸರಿಟ್ಟವರೂ ಅವರೇ. 1965ರಲ್ಲಿ ಅದನ್ನು ಮೊದಲಿಗೆ ಕಾರ್ಯರೂಪಕ್ಕೆ ತಂದವರು ಎಂಐಟಿಯ ಗ್ಲೆಂಡಾ ಶ್ರೋಡರ್.

ಥಾಂಪ್ಸನ್ ಶೆಲ್ ಮತ್ತು ಪೈಪ್

ಮಲ್ಟಿಕ್ಸ್ ಯೋಜನೆಯಿಂದ 1969ರಲ್ಲಿ ಹೊರಬಂದ ಬೆಲ್ ಲ್ಯಾಬ್ಸ್ ಸಂಸ್ಥೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಅನ್ನು ಕಟ್ಟತೊಡಗಿದರು. 1971ರ ಮೊದಲ ಆವೃತ್ತಿಯ ಜತೆಗಿದ್ದ ಥಾಂಪ್ಸನ್‌ರ ಶೆಲ್ ತೀರ ಸರಳವಾಗಿತ್ತು. ಆಗಿನ ಟೆಲಿಟೈಪ್ ಯಂತ್ರಗಳು ಸೆಕೆಂಡಿಗೆ ಹತ್ತು ಅಕ್ಷರಗಳನ್ನಷ್ಟೇ ಅಚ್ಚಿಸುತ್ತಿದ್ದುದರಿಂದ ಆದೇಶಗಳ ಹೆಸರುಗಳು ಎರಡು ಮೂರು ಅಕ್ಷರಗಳಿಗೆ ಇಳಿದವು: ಕಡತಗಳ ಪಟ್ಟಿ ತೋರಿಸಲು ‘ಎಲ್ಎಸ್’, ನಕಲು ಮಾಡಲು ‘ಸಿಪಿ’, ಅಳಿಸಲು ‘ಆರ್‌ಎಂ’. ಆದೇಶದ ಫಲಿತಾಂಶವನ್ನು ಟೆಲಿಟೈಪಿನ ಬದಲು ಕಡತಕ್ಕೆ ಕಳುಹಿಸುವ > ಚಿಹ್ನೆ ಮತ್ತು ಕಡತದಿಂದ ಮಾಹಿತಿ ಪಡೆಯುವ < ಚಿಹ್ನೆ ಆಗಲೇ ಬಳಕೆಯಲ್ಲಿದ್ದವು.

ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ನೇರವಾಗಿ ಮತ್ತೊಂದಕ್ಕೆ ಉಣಿಸುವ ಏರ್ಪಾಡು ಬೇಕೆಂದು ಡಗ್ಲಸ್ ಮೆಕಿಲ್ರಾಯ್ 1964ರಲ್ಲೇ ಟಿಪ್ಪಣಿ ಬರೆದು, ತೋಟದ ನೀರಿನ ಕೊಳವೆಗಳನ್ನು ಜೋಡಿಸುವುದಕ್ಕೆ ಅದನ್ನು ಹೋಲಿಸಿದ್ದರು. 1973ರಲ್ಲಿ ಥಾಂಪ್ಸನ್ ಇದನ್ನು ಯೂನಿಕ್ಸ್‌ಗೆ ಅಳವಡಿಸಿದರು. ಪೈಪ್ ಎಂಬ ಈ ಜೋಡಣೆಯನ್ನು | ಎಂಬ ನೆಟ್ಟಗೆರೆಯಿಂದ ಸೂಚಿಸುವ ಪದ್ಧತಿ ಬೇಗನೆ ನೆಲೆಗೊಂಡಿತು. ಇದರ ಶಕ್ತಿಗೆ 1986ರ ಪ್ರಸಂಗವೊಂದು ಪ್ರಸಿದ್ಧ ಉದಾಹರಣೆ. ಪಠ್ಯವೊಂದರಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳನ್ನು ಎಣಿಕೆಯೊಂದಿಗೆ ಪಟ್ಟಿಮಾಡುವ ಸಮಸ್ಯೆಗೆ ಡೊನಾಲ್ಡ್ ಕ್ನೂತ್ ಹಲವು ಪುಟಗಳ ಪ್ರೋಗ್ರಾಮನ್ನು ಬರೆದರೆ, ಅದನ್ನು ವಿಮರ್ಶಿಸಿದ ಮೆಕಿಲ್ರಾಯ್ ಅದೇ ಕೆಲಸವನ್ನು ಆರು ಆದೇಶಗಳ ಪೈಪ್ ಸರಣಿಯಲ್ಲಿ ಮಾಡಿ ತೋರಿಸಿದರು. ಮೊದಲನೆಯದು ಪಠ್ಯವನ್ನು ಸಾಲಿಗೊಂದು ಪದವಾಗಿ ಒಡೆಯುತ್ತದೆ, ಎರಡನೆಯದು ದೊಡ್ಡಕ್ಷರಗಳನ್ನು ಚಿಕ್ಕಕ್ಷರಗಳಾಗಿಸುತ್ತದೆ, ಮೂರನೆಯದು ಪದಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ, ನಾಲ್ಕನೆಯದು ಒಂದೇ ಬಗೆಯವನ್ನು ಒಟ್ಟುಗೂಡಿಸಿ ಎಣಿಸುತ್ತದೆ, ಐದನೆಯದು ಎಣಿಕೆಯ ಇಳಿಕೆಕ್ರಮದಲ್ಲಿ ಮತ್ತೆ ಜೋಡಿಸುತ್ತದೆ, ಆರನೆಯದು ಕೇಳಿದಷ್ಟು ಸಾಲುಗಳನ್ನು ಮಾತ್ರ ತೋರಿಸಿ ನಿಲ್ಲುತ್ತದೆ. ಇವುಗಳಲ್ಲಿ ಒಂದನ್ನೂ ಈ ಸಮಸ್ಯೆಗೆಂದೇ ಬರೆದಿರಲಿಲ್ಲ.

ಬೋರ್ನ್ ಶೆಲ್

ಥಾಂಪ್ಸನ್ ಶೆಲ್‌ನಲ್ಲಿ ಷರತ್ತುಗಳನ್ನು ಪರೀಕ್ಷಿಸುವ ‘ಇಫ್’ ಕೂಡ ಹೊರಗಿನ ಪ್ರೋಗ್ರಾಮಾಗಿತ್ತು. ಜಾನ್ ಮ್ಯಾಶಿ ಆ ಶೆಲ್ಲನ್ನು ವಿಸ್ತರಿಸಿದ ಮೇಲೆ, 1979ರ ಯೂನಿಕ್ಸ್ ಏಳನೆಯ ಆವೃತ್ತಿಯೊಂದಿಗೆ ಬಂದ ಸ್ಟೀಫನ್ ಬೋರ್ನ್‌ರ ಶೆಲ್, ಚರಗಳು, ಆವರ್ತನೆ, ಷರತ್ತು ಮುಂತಾದವುಗಳನ್ನೆಲ್ಲ ಒಳಗೊಂಡು ಪೂರ್ಣ ಪ್ರೋಗ್ರಾಮಿಂಗ್ ಭಾಷೆಯಾಗಿ ನಿಂತಿತು. ಹಿಂದೆ ಆಲ್ಗಾಲ್ 68 ಭಾಷೆಯ ಮೇಲೆ ಕೆಲಸ ಮಾಡಿದ್ದ ಬೋರ್ನ್, ‘ಇಫ್’ ಎಂದು ತೆರೆದದ್ದನ್ನು ತಿರುಗಿಸಿ ‘ಫೈ’ ಎಂದೂ ‘ಕೇಸ್’ ಎಂದು ತೆರೆದದ್ದನ್ನು ‘ಇಸಾಕ್’ ಎಂದೂ ಮುಚ್ಚುವ ಕ್ರಮವನ್ನು ಅಲ್ಲಿಂದ ತಂದರು. ಅದೇ ನಿಯಮದಂತೆ ‘ಡು’ ಎಂಬುದನ್ನು ‘ಓಡಿ’ ಎಂದು ಮುಚ್ಚಬೇಕಾಗಿತ್ತಾದರೂ ಆ ಹೆಸರಿನ ಆದೇಶವೊಂದು ಯೂನಿಕ್ಸ್‌ನಲ್ಲಿ ಮೊದಲೇ ಇದ್ದುದರಿಂದ ‘ಡನ್’ ಎಂಬ ಪದ ಬಂತು. ಈ ಅಸಮತೆ ಇಂದಿನ ಸ್ಕ್ರಿಪ್ಟ್‌ಗಳಲ್ಲೂ ಉಳಿದಿದೆ.

ಕವಲುಗಳು ಮತ್ತು ಮಾನಕ

ಇದೇ ಹೊತ್ತಿಗೆ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್, ಹಿಂದಿನ ಆದೇಶಗಳನ್ನು ನೆನಪಿಟ್ಟು ಮತ್ತೆ ಕರೆಯುವ ಹಾಗೂ ದೊಡ್ಡ ಆದೇಶಕ್ಕೆ ಚುಟುಕು ಹೆಸರಿಡುವ ಸೌಲಭ್ಯಗಳನ್ನು ಕೊಟ್ಟು ಕೀಲಿಮಣೆಯ ಮುಂದೆ ಕೂರುವವರ ಮೆಚ್ಚುಗೆ ಗಳಿಸಿತು. ಸ್ಕ್ರಿಪ್ಟ್ ಬರೆಯುವವರು ಬೋರ್ನ್ ಶೆಲ್ಲನ್ನೇ ನೆಚ್ಚಿಕೊಂಡರು. ಈ ಎರಡು ಕವಲುಗಳನ್ನು ಕೂಡಿಸಿ ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್ 1983ರಲ್ಲಿ ಕಾರ್ನ್ ಶೆಲ್ಲನ್ನು ಪ್ರಕಟಿಸಿದರು. ಪರವಾನಗಿಯ ನಿರ್ಬಂಧವಿಲ್ಲದ ಮುಕ್ತ ಶೆಲ್ ಬೇಕೆಂದು ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ಬರೆದ ಬ್ಯಾಶ್ 1989ರಲ್ಲಿ ಹೊರಬಂತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಹೊಸ ಕರ್ನೆಲ್ ಮೇಲೆ ಮೊದಮೊದಲು ನಡೆಸಿದ ಪ್ರೋಗ್ರಾಮುಗಳಲ್ಲಿ ಅದೂ ಒಂದಾದ್ದರಿಂದ ಲಿನಕ್ಸ್‌ನೊಂದಿಗೆ ಎಲ್ಲೆಡೆ ಹರಡಿತು. 1992ರ ಪಾಸಿಕ್ಸ್ ಮಾನಕವು ಬೋರ್ನ್ ಪರಂಪರೆಯ ವ್ಯಾಕರಣವನ್ನೇ ಅಧಿಕೃತಗೊಳಿಸಿತು.

ಅದೇ ವರ್ಷ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಸಂಕೇತಕ್ರಮದಿಂದ ಕನ್ನಡದಂಥ ಭಾಷೆಗಳ ಪಠ್ಯವೂ ಇದೇ ಪೈಪ್‌ಗಳಲ್ಲಿ ಕೆಡದೆ ಸಾಗುವುದು ಸಾಧ್ಯವಾಯಿತು. ಆದರೂ ಎಣಿಕೆಯಲ್ಲಿ ಎಚ್ಚರ ಬೇಕು: ಓದುಗರಿಗೆ ಮೂರು ಅಕ್ಷರವಾಗಿ ಕಾಣುವ ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರಕ್ಕಾಗಿ ಬರುವ ಹಲಂತ ಚಿಹ್ನೆಯೂ ಸೇರಿ ಐದು ಯೂನಿಕೋಡ್ ಸಂಕೇತಗಳಿದ್ದು, ಒಂದೊಂದಕ್ಕೂ ಮೂರು ಬೈಟ್ ಬೇಕಾದ್ದರಿಂದ ‘ಡಬ್ಲ್ಯುಸಿ’ ಎಂಬ ಎಣಿಕೆಯ ಆದೇಶ ಅದನ್ನು 15 ಬೈಟ್ ಎಂದು ತೋರಿಸುತ್ತದೆ.

ಮಿತಿಗಳು

ಎಲ್ಲವನ್ನೂ ಬರಿಯ ಪಠ್ಯವೆಂದು ಎಣಿಸುವುದು ಶೆಲ್‌ನ ಬಲವೂ ಹೌದು, ದೋಷವೂ ಹೌದು. ‘ಮೊದಲ ಅಧ್ಯಾಯ’ ಎಂಬ ಹೆಸರಿನ ಕಡತವನ್ನು ಚರವೊಂದರಲ್ಲಿಟ್ಟು, ಉದ್ಧರಣ ಚಿಹ್ನೆ ಹಾಕದೆ ಅಳಿಸುವ ಆದೇಶಕ್ಕೆ ಕೊಟ್ಟರೆ, ಶೆಲ್ ಅದನ್ನು ನಡುವಿನ ತೆರಪಿನಲ್ಲಿ ಒಡೆದು ‘ಮೊದಲ’ ಮತ್ತು ‘ಅಧ್ಯಾಯ’ ಎಂಬ ಎರಡು ಬೇರೆ ಕಡತಗಳನ್ನು ಹುಡುಕಿ ಅಳಿಸಲು ಹೊರಡುತ್ತದೆ. ಅಳಿಸಿದ್ದನ್ನು ಮರಳಿ ತರುವ ಆದೇಶವೂ ಇಲ್ಲ. 2014ರಲ್ಲಿ ಬಯಲಾದ ಶೆಲ್‌ಶಾಕ್ ಎಂಬ ದೋಷ, ಪರಿಸರಚರದ ಮೂಲಕ ಬಂದ ಹೊರಗಿನ ಪಠ್ಯವನ್ನು ಆದೇಶವಾಗಿ ನಡೆಸಿಬಿಡುತ್ತಿತ್ತು. ಅದು ಬ್ಯಾಶ್‌ನಲ್ಲಿ ಸುಮಾರು 25 ವರ್ಷ ಅಡಗಿತ್ತು. ಮೈಕ್ರೋಸಾಫ್ಟ್ 2006ರಲ್ಲಿ ತಂದ ಪವರ್‌ಶೆಲ್ ಪೈಪ್‌ನಲ್ಲಿ ಪಠ್ಯದ ಬದಲು ಗುಣಲಕ್ಷಣಗಳುಳ್ಳ ಆಬ್ಜೆಕ್ಟ್‌ಗಳನ್ನು ಹರಿಸಿ ಬೇರೆ ದಾರಿ ಹಿಡಿಯಿತು.

2019ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳ ಹೊಸ ಖಾತೆಗಳಿಗೆ ಬ್ಯಾಶ್ ಬದಲು ಜೆಡ್ ಶೆಲ್ಲನ್ನು ನಿಗದಿಪಡಿಸಿತು. ಆದರೆ ಸ್ಕ್ರಿಪ್ಟ್‌ಗಳಿಗಾಗಿ ಬೋರ್ನ್ ಶೆಲ್‌ನ ‘ಎಸ್ಎಚ್’ ಎಂಬ ಹಳೆಯ ಹೆಸರು ಅಲ್ಲಿಯೂ, ಲಿನಕ್ಸ್‌ನಲ್ಲಿಯೂ ಇಂದಿಗೂ ಬಳಕೆಯಲ್ಲಿದೆ.