ವೈದ್ಯವಿದ್ಯೆಗೆ ಪೂರ್ವಾಧ್ಯಯನ

ವೈದ್ಯನಾಗಬೇಕೆಂದು ಬಯಸುವ ಬಾಲಕನು ವೈದ್ಯಶಾಸ್ತ್ರಕ್ಕೆ ಕೈಯಿಡುವ ಮುಂಚೆ ಯಾವ ಯಾವ ವಿದ್ಯೆಗಳನ್ನು ಕಲಿತಿರಬೇಕು? ಹತ್ತನೆಯ ತರಗತಿಯ ಫಲಿತಾಂಶವು ಹೊರಬಿದ್ದ ವಾರದಲ್ಲಿ ಈ ಪ್ರಶ್ನೆಯು ನಾಡಿನ ಅನೇಕ ಮನೆಗಳಲ್ಲಿ ಬಹು ಕಳವಳದಿಂದ ಚರ್ಚಿಸಲ್ಪಡುವುದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರವೆಂಬ ಮೂರನ್ನು ಹಿಡಿದವನಿಗೆ ಬಾಗಿಲು ತೆರೆದಿರುವುದು, ಬಿಟ್ಟವನಿಗೆ ಮುಚ್ಚಿರುವುದು. ಇದು ಅನಾದಿಯಾದ ವ್ಯವಸ್ಥೆಯೆಂಬಂತೆ ಜನರು ನಡೆದುಕೊಳ್ಳುತ್ತಾರೆ. ವಾಸ್ತವವಾಗಿ ಇದರ ವಯಸ್ಸು ಬಹಳವಿಲ್ಲ. ಪೂರ್ವಾಧ್ಯಯನದ ಪ್ರಶ್ನೆಯಾದರೋ ವೈದ್ಯಶಾಸ್ತ್ರದಷ್ಟೇ ಹಳೆಯದು. ಅದಕ್ಕೆ ಪ್ರಾಚೀನರು ಕೊಟ್ಟ ಉತ್ತರವೂ ಇಂದಿನವರು ಕೊಡುತ್ತಿರುವ ಉತ್ತರವೂ ಹೇಗೆ ಬೇರೆಯಾದುವೆಂಬುದು ವಿಚಾರಾರ್ಹವಾದ ಸಂಗತಿ.

ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ಈ ವಿಷಯಕ್ಕೆ ಮೂಲಪ್ರಮಾಣವಾಗಿದೆ. ಅಲ್ಲಿ ಆಚಾರ್ಯನು ಶಿಷ್ಯನನ್ನು ಪರೀಕ್ಷಿಸುವುದಕ್ಕಿಂತ ಮುಂಚೆ ಶಿಷ್ಯನೇ ಪರೀಕ್ಷಕನಾಗಿ ನಿಲ್ಲುವನು. ಕೈಗೊಳ್ಳಲಿರುವ ಕಾರ್ಯದ ಭಾರವೆಷ್ಟು, ಅದರ ಫಲವೇನು, ಮುಂದೆ ಅದರಿಂದ ಒದಗುವ ಅನುಬಂಧವೇನು, ದೇಶವೆಂಥದು, ಕಾಲವೆಂಥದು ಎಂಬಿವನ್ನು ಯುಕ್ತಿಯಿಂದ ತೂಗಿ ನೋಡಿ, ಆ ಬಳಿಕವೂ ವೈದ್ಯನಾಗುವ ಇಚ್ಛೆಯು ಉಳಿದರೆ ಅವನು ಮೊದಲು ಶಾಸ್ತ್ರವನ್ನು ಪರೀಕ್ಷಿಸಬೇಕು. ಲೋಕದಲ್ಲಿ ವೈದ್ಯರ ಶಾಸ್ತ್ರಗಳು ಹಲವು ಬಳಕೆಯಲ್ಲಿರುವುದರಿಂದ, ಪುನರುಕ್ತಿದೋಷವಿಲ್ಲದುದೂ, ಅರ್ಥಬಹುಳವೂ, ಮಂದ ಮಧ್ಯಮ ತೀಕ್ಷ್ಣಮತಿಗಳಾದ ಮೂರು ಬಗೆಯ ಶಿಷ್ಯರಿಗೂ ಹಿತವಾದುದೂ ಆದ ಒಂದನ್ನು ಆರಿಸಿಕೊಳ್ಳಬೇಕು. ಆಚಾರ್ಯಪರೀಕ್ಷೆಯು ಆ ಬಳಿಕದ್ದು. ಆಯ್ಕೆಯ ಹೊಣೆಯನ್ನು ವಿದ್ಯಾರ್ಥಿಯ ಮೇಲೆಯೇ ಹೊರಿಸಿ, ಆ ಹೊಣೆಯನ್ನು ಹೊರಲು ಬೇಕಾದ ವಿವೇಚನೆಯು ಅವನಿಗೆ ಆಗಲೇ ಬಂದಿರಬೇಕೆಂದು ಭಾವಿಸಿದ ಈ ಕ್ರಮವು ಸಾಮಾನ್ಯವಾದುದಲ್ಲ.

ಶಿಷ್ಯನ ಲಕ್ಷಣಗಳನ್ನು ಹೇಳುವಲ್ಲಿ ಚರಕವೂ ಸುಶ್ರುತವೂ ಬಹುಮಟ್ಟಿಗೆ ಒಂದೇ ದಾರಿಯನ್ನು ಹಿಡಿದಿವೆ. ಬುದ್ಧಿ, ಸ್ಮೃತಿ, ಧೃತಿ, ಶೌಚಗಳ ಜೊತೆಗೆ ನೇರವಾದ ಮುಖ, ತೆಳುವಾದ ನಾಲಗೆ, ವಿಕಾರವಿಲ್ಲದ ಹಲ್ಲುತುಟಿಗಳು ಇರಬೇಕೆಂದು ಅಲ್ಲಿ ಹೇಳಿದೆ. ಮೂಗಿನಿಂದ ಮಾತಾಡುವವನು ಸಲ್ಲನೆಂದು ಚರಕದ ಅಭಿಪ್ರಾಯ. ಇದನ್ನು ಓದಿ ನಗುವವರುಂಟು. ಆದರೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ವಿದ್ಯೆಯಲ್ಲಿ ನಾಲಗೆಯೇ ಪುಸ್ತಕ, ಕಿವಿಯೇ ಲೇಖನಿ. ಉಚ್ಚಾರಣೆಯು ಕೆಟ್ಟರೆ ಔಷಧಿಯ ಹೆಸರು ಕೆಡುವುದು. ನಗಬೇಕಾದುದಕ್ಕಿಂತ ಮರುಗಬೇಕಾದುದು ಬೇರೆಯಿದೆ. ಉಪನಯನದ ಅಧಿಕಾರವನ್ನು ಮೂರು ವರ್ಣಗಳಿಗೆ ಮಿತಗೊಳಿಸಿ, ಕುಲಗುಣಸಂಪನ್ನನಾದ ಶೂದ್ರನಿಗೆ ಮಂತ್ರವಿಲ್ಲದೆ ಕಲಿಸಬಹುದೆಂಬುದನ್ನು ಕೆಲವರ ಮತವೆಂದು ಮಾತ್ರ ಸುಶ್ರುತವು ಹೇಳುವುದು. ಪೂರ್ವಾಧ್ಯಯನದ ಮಾತು ಹುಟ್ಟುವ ಮೊದಲೇ ಹೊಸ್ತಿಲಿನಲ್ಲಿ ನಿಂತುಹೋದವರು ಬಹುಮಂದಿಯೆಂಬುದನ್ನು ಮರೆಯಲಾಗದು.

ಇನ್ನು ವಿದ್ಯೆಗಳ ವಿಚಾರ. ಸುಶ್ರುತದ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಈ ಪ್ರಶ್ನೆಗೆ ನೇರವಾದ ಉತ್ತರವುಂಟು. ವೈದ್ಯಶಾಸ್ತ್ರದಲ್ಲಿ ಪ್ರಸಂಗವಶದಿಂದ ಬರುವ ಅನ್ಯಶಾಸ್ತ್ರಗಳ ವಿಷಯಗಳನ್ನು ಆಯಾ ಶಾಸ್ತ್ರಗಳನ್ನು ಬಲ್ಲವರಿಂದಲೇ ಕೇಳಿ ತಿಳಿಯಬೇಕು. ಎಲ್ಲ ಶಾಸ್ತ್ರಗಳನ್ನೂ ಒಂದರಲ್ಲಿ ತುಂಬುವುದು ಶಕ್ಯವಲ್ಲ. ಒಂದೇ ಶಾಸ್ತ್ರವನ್ನು ಓದಿದವನಿಗೆ ಆ ಶಾಸ್ತ್ರದ ನಿಶ್ಚಯವೂ ದೊರೆಯದು. ಆದಕಾರಣ ವೈದ್ಯನು ಬಹುಶ್ರುತನಾಗಿರಬೇಕು ಎಂಬುದು ಅಲ್ಲಿಯ ತಾತ್ಪರ್ಯ. ಅರ್ಥವರಿಯದೆ ಗ್ರಂಥವನ್ನು ಹೊತ್ತವನನ್ನು, ಗಂಧದ ಮರದ ಭಾರವನ್ನಷ್ಟೇ ಬಲ್ಲ ಕತ್ತೆಗೆ ಹೋಲಿಸಿರುವುದೂ ಅದೇ ಅಧ್ಯಾಯದಲ್ಲಿ.

ಹಾಗಾದರೆ ಆ ಅನ್ಯಶಾಸ್ತ್ರಗಳು ಯಾವುವು? ಸಂಹಿತೆಗಳು ಪಟ್ಟಿಯನ್ನು ಕೊಡುವುದಿಲ್ಲ. ಆದರೆ ಗ್ರಂಥಶರೀರವೇ ಅದನ್ನು ತಿಳಿಸುವುದು. ಚರಕದ ಮೊದಲನೆಯ ಅಧ್ಯಾಯದಲ್ಲಿಯೇ ಸಾಮಾನ್ಯ, ವಿಶೇಷ, ಗುಣ, ದ್ರವ್ಯ, ಕರ್ಮ, ಸಮವಾಯಗಳೆಂಬ ಆರು ಪದಾರ್ಥಗಳು ಬರುವುವು; ಇವು ವೈಶೇಷಿಕರ ಪರಿಭಾಷೆ. ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿಗಳೆಂಬ ನಾಲ್ಕು ಬಗೆಯ ಪರೀಕ್ಷೆಗಳನ್ನು ಹೇಳಿದೆ. ಶಾರೀರಸ್ಥಾನದ ಆರಂಭವು ಸಾಂಖ್ಯವನ್ನು ಅರಿಯದವನಿಗೆ ಕಬ್ಬಿಣದ ಕಡಲೆ. ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಂತೂ ಪ್ರತಿಜ್ಞೆ, ಹೇತು, ದೃಷ್ಟಾಂತ ಮೊದಲಾಗಿ ವಾದಮಾರ್ಗದ 44 ಪದಗಳನ್ನು ಹೆಸರಿಸಿ ವಿವರಿಸಿದೆ. ವೈದ್ಯನಿಗೆ ತರ್ಕವೇಕೆ? ರೋಗಿಯ ಮುಂದೆ ಕುಳಿತವನು ಲಿಂಗದಿಂದ ಲಿಂಗಿಯನ್ನು ಊಹಿಸಬೇಕಾದವನು. ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವ ಕ್ರಮವೇ ಜ್ವರವನ್ನು ಕಂಡು ದೋಷವನ್ನು ಅನುಮಾನಿಸುವ ಕ್ರಮ. ಹೀಗಿರಲು ವ್ಯಾಕರಣವು ಶಾಸ್ತ್ರದ ಬಾಗಿಲಾಗಿಯೂ, ತರ್ಕವು ಅದರ ಕಂಬವಾಗಿಯೂ ಇದ್ದುವೆಂದು ಹೇಳಬಹುದು.

ಇದರಿಂದ ಪ್ರಾಚೀನರು ಮಾತಿನಲ್ಲೇ ಮುಳುಗಿದ್ದರೆಂದು ತಿಳಿಯಬಾರದು. ಸುಶ್ರುತದ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವನ್ನು ನೋಡಬೇಕು. ಕುಂಬಳ, ಸೋರೆ, ಸೌತೆ, ಕಲ್ಲಂಗಡಿಗಳ ಮೇಲೆ ಛೇದನವನ್ನೂ, ನೀರು ಕೆಸರು ತುಂಬಿದ ತೊಗಲಿನ ಚೀಲಗಳಲ್ಲಿ ಭೇದನವನ್ನೂ, ರೋಮವಿರುವ ಚರ್ಮದ ಮೇಲೆ ಲೇಖನವನ್ನೂ, ಸತ್ತ ಪಶುವಿನ ಸಿರೆ ಮತ್ತು ತಾವರೆಯ ನಾಳಗಳಲ್ಲಿ ವೇಧನವನ್ನೂ, ಹುಳು ಕೊರೆದ ಮರದಲ್ಲಿ ಏಷಣವನ್ನೂ, ಹಲಸು ಬಿಲ್ವಗಳ ತಿರುಳಿನಲ್ಲಿ ಆಹರಣವನ್ನೂ, ಬಟ್ಟೆಯ ಅಂಚಿನಲ್ಲಿ ಸೀವನವನ್ನೂ, ಬಟ್ಟೆಯಿಂದ ಮಾಡಿದ ಪುರುಷಾಕೃತಿಯ ಮೇಲೆ ಪಟ್ಟಿ ಕಟ್ಟುವುದನ್ನೂ ಶಿಷ್ಯನು ಅಭ್ಯಾಸಮಾಡಬೇಕೆಂದಿದೆ. ಶಾರೀರಸ್ಥಾನದಲ್ಲಿ, ಹುಲ್ಲುನಾರುಗಳಿಂದ ಸುತ್ತಿದ ಶವವನ್ನು ಪಂಜರದಲ್ಲಿಟ್ಟು ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಯಿಸಿ, ಲಾವಂಚ ಬಿದಿರು ಮುಂತಾದುವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ತ್ವಚೆಯಿಂದ ಹಿಡಿದು ಒಳಗಿನ ಅಂಗಗಳವರೆಗೆ ಕಣ್ಣಾರೆ ನೋಡುವ ವಿಧಾನವುಂಟು. ಪ್ರಕೃತಿಯ ವಿದ್ಯೆಗಳು ಹೀಗೆ ವೈದ್ಯಗುರುವಿನ ಮನೆಯೊಳಗೇ ಕಲಿಯಬೇಕಾದುವಾಗಿದ್ದುವು. ಭಾಷೆಯನ್ನು ಮಾತ್ರ ಹೊರಗಿನಿಂದ ಕಲಿತುಕೊಂಡೇ ಬರಬೇಕಾಗಿತ್ತು. ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಜೀವಕನು ತಕ್ಷಶಿಲೆಯಲ್ಲಿ ಏಳು ವರ್ಷ ಕಲಿತ ಮೇಲೆ, ಊರ ಸುತ್ತ ಒಂದು ಯೋಜನದೊಳಗೆ ಔಷಧಿಯಲ್ಲದ ಸಸ್ಯವೊಂದನ್ನು ತರುವಂತೆ ಗುರುವು ಕಳುಹಿಸಿದುದೂ, ಅವನು ಬರಿಗೈಯಲ್ಲಿ ಹಿಂದಿರುಗಿದುದೂ ಪ್ರಸಿದ್ಧವಾಗಿವೆ. ಕಾಡೇ ಪಾಠಶಾಲೆಯಾಗಿದ್ದ ಕಾಲವದು.

ಕ್ರಿ. ಶ. ಏಳನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕರ ಬರಹಗಳಿಂದ ಬೇರೊಂದು ಅಂಶವು ತಿಳಿಯುವುದು. ಬಾಲಕರಿಗೆ ಕಲಿಸುತ್ತಿದ್ದ ಪಂಚವಿದ್ಯೆಗಳೆಂದರೆ ಶಬ್ದವಿದ್ಯೆ, ಶಿಲ್ಪಸ್ಥಾನವಿದ್ಯೆ, ಚಿಕಿತ್ಸಾವಿದ್ಯೆ, ಹೇತುವಿದ್ಯೆ, ಅಧ್ಯಾತ್ಮವಿದ್ಯೆಗಳು. ಚಿಕಿತ್ಸೆಯು ಇಲ್ಲಿ ವೃತ್ತಿಯಲ್ಲ. ವಿದ್ಯಾವಂತನೆನಿಸಿಕೊಳ್ಳಲು ಬೇಕಾದ ಐದರಲ್ಲೊಂದು. ನಾಲಂದೆಯಲ್ಲಿ ಓದಿದ ಇತ್ಸಿಂಗನು ತಾನು ವೈದ್ಯವನ್ನು ಚೆನ್ನಾಗಿ ಕಲಿತೆನೆಂದೂ, ಅದು ತನ್ನ ವೃತ್ತಿಯಲ್ಲವಾದುದರಿಂದ ಬಿಟ್ಟೆನೆಂದೂ ಬರೆದಿರುವನು.

ಕರ್ಣಾಟಕದಲ್ಲಿ ಬಳ್ಳಿಗಾವೆಯ ಕೋಡಿಯಮಠದ 1162ನೆಯ ಇಸವಿಯ ಶಾಸನವು ಸ್ಮರಣೀಯವಾದುದು. ಕಾಳಾಮುಖರ ಆ ಮಠದಲ್ಲಿ ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು ವ್ಯಾಖ್ಯಾನಿಸಲ್ಪಡುತ್ತಿದ್ದುವು. ದೀನರಿಗೂ ಅನಾಥರಿಗೂ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿಯೇ ದೊರೆಯುತ್ತಿದ್ದುವು. ಶಾಸನವು ಹೇಳುವುದು ಚಿಕಿತ್ಸೆಯನ್ನು, ವೈದ್ಯಬೋಧನೆಯನ್ನಲ್ಲ. ಇದನ್ನು ವೈದ್ಯವಿದ್ಯಾಲಯವೆಂದು ಕರೆಯುವುದು ಅತ್ಯುತ್ಸಾಹದ ಮಾತು. ಆದರೂ ವ್ಯಾಕರಣವೂ ನ್ಯಾಯವೂ ಔಷಧವೂ ಒಂದೇ ಅಂಗಳದಲ್ಲಿದ್ದುದು ಕಡೆಗಣಿಸತಕ್ಕ ಸಂಗತಿಯಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಖಗೇಂದ್ರಮಣಿದರ್ಪಣವೆಂಬ ಕನ್ನಡ ಪದ್ಯಗ್ರಂಥವಾಗಿ ರಚಿಸಿದನು. ಹಾವಿನ ಕಡಿತಕ್ಕೆ ಮದ್ದನ್ನು ತಿಳಿಯಬೇಕಾದ ಕನ್ನಡಿಗನು ಆಗ ಹಳಗನ್ನಡದ ಛಂದಸ್ಸನ್ನು ಬಲ್ಲವನಾಗಿರಬೇಕಾಗಿತ್ತು. ಇಂದು ಆ ಗ್ರಂಥವನ್ನು ಸಾಹಿತ್ಯದ ಅಧ್ಯಾಪಕರು ಓದುತ್ತಾರೆ, ವೈದ್ಯರು ಓದರು.

ಯೂರೋಪಿನ ಸ್ಥಿತಿಯೂ ಬಹುಕಾಲ ಇದಕ್ಕೆ ಸಮೀಪವಾಗಿಯೇ ಇದ್ದಿತು. ಹದಿಮೂರನೆಯ ಶತಮಾನದಲ್ಲಿ ಸಿಸಿಲಿಯ ರಾಜ್ಯವನ್ನಾಳಿದ ಎರಡನೆಯ ಫ್ರೆಡರಿಕ್ ಚಕ್ರವರ್ತಿಯು, ಮೂರು ವರ್ಷ ತರ್ಕಶಾಸ್ತ್ರವನ್ನು ಓದದವನು ವೈದ್ಯವನ್ನು ಓದಕೂಡದೆಂದೂ, ಆ ಬಳಿಕ ಐದು ವರ್ಷ ವೈದ್ಯವನ್ನು ಕಲಿಯಬೇಕೆಂದೂ ಕಟ್ಟಳೆಮಾಡಿದನು. ಇಂಗ್ಲೆಂಡಿನಲ್ಲಿ 1858ರ ಕಾಯಿದೆಯಿಂದ ವೈದ್ಯಕೀಯ ಮಂಡಲಿಯು ಸ್ಥಾಪಿತವಾದ ಮೇಲೂ ಪೂರ್ವಪರೀಕ್ಷೆಯಲ್ಲಿ ಲ್ಯಾಟಿನ್ ಭಾಷೆಗೆ ಬಹುಕಾಲ ಸ್ಥಾನವಿದ್ದಿತು. ಅಮೆರಿಕದಲ್ಲಿ 1893ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವೈದ್ಯಶಾಲೆಯು ಪ್ರವೇಶಕ್ಕೆ ಪದವಿಯನ್ನೂ, ಭೌತ ರಸಾಯನ ಜೀವಶಾಸ್ತ್ರಗಳನ್ನೂ, ಅವುಗಳೊಡನೆ ಫ್ರೆಂಚ್ ಜರ್ಮನ್ ಭಾಷೆಗಳನ್ನು ಓದಬಲ್ಲ ಶಕ್ತಿಯನ್ನೂ ಕೇಳಿತು. 1910ರಲ್ಲಿ ಪ್ರಕಟವಾದ ಫ್ಲೆಕ್ಸ್ನರನ ವರದಿಯು ಈ ಶಾಲೆಯನ್ನೇ ಮಾದರಿಯಾಗಿ ಹಿಡಿಯಿತು. ಮೂರು ವಿಜ್ಞಾನಗಳ ಜೋಡಣೆಯು ಲೋಕದಲ್ಲಿ ಹರಡಿದುದು ಇಲ್ಲಿಂದಾಚೆಗೆ. ಭಾಷೆಗಳು ಕ್ರಮೇಣ ಉದುರಿದುವು.

ಭರತಖಂಡದಲ್ಲಿ ಹಳೆಯ ಪೂರ್ವಾಧ್ಯಯನವೂ ಹೊಸದೂ ಮುಖಾಮುಖಿಯಾದುದು ಕಲ್ಕತ್ತೆಯಲ್ಲಿ. 1822ರಲ್ಲಿ ಅಲ್ಲಿ ದೇಶೀಯ ವೈದ್ಯರಿಗಾಗಿ ಸರಕಾರದ ಶಾಲೆಯೊಂದು ಏರ್ಪಟ್ಟಿತು; ಕೆಲವು ವರ್ಷಗಳಲ್ಲಿ ಸಂಸ್ಕೃತ ಕಾಲೇಜಿನಲ್ಲಿಯೂ ವೈದ್ಯದ ತರಗತಿಯು ತೆರೆಯಿತು. ಚರಕಸುಶ್ರುತಗಳ ಜೊತೆಗೆ ಪಾಶ್ಚಾತ್ಯ ಶಾರೀರವನ್ನೂ ಅಲ್ಲಿ ಬೋಧಿಸುತ್ತಿದ್ದರು. ಆ ತರಗತಿಯ ಪಂಡಿತನಾದ ಮಧುಸೂದನ ಗುಪ್ತನು ಹೂಪರನ ಶಾರೀರಗ್ರಂಥವನ್ನು ಸಂಸ್ಕೃತಕ್ಕೆ ಪರಿವರ್ತಿಸಿದನು. 1833ರಲ್ಲಿ ಬೆಂಟಿಂಕನು ನೇಮಿಸಿದ ಸಮಿತಿಯ ಮುಂದೆ, ದೇಶಭಾಷೆಗಳಲ್ಲಿಯೇ ವೈದ್ಯಬೋಧನೆಯು ನಡೆಯಬೇಕೆಂದು ಟೈಟ್ಲರನೂ, ಇಂಗ್ಲಿಷಿನಲ್ಲಿಯೇ ಆಗಬೇಕೆಂದು ಡಫ್ ಪಾದ್ರಿಯೂ ವಾದಿಸಿದರು. ಡಫ್ಫನ ಪಕ್ಷವೇ ಗೆದ್ದಿತು. 1835ರ ಜನವರಿ 28ರ ಆಜ್ಞೆಯಿಂದ ಹಳೆಯ ಶಾಲೆಯೂ ಸಂಸ್ಕೃತ ಕಾಲೇಜಿನ ವೈದ್ಯದ ತರಗತಿಯೂ ಮುಚ್ಚಿದುವು; ಕಲ್ಕತ್ತಾ ಮೆಡಿಕಲ್ ಕಾಲೇಜು ಹುಟ್ಟಿತು.

ಈ ಹೊಸ ಕಾಲೇಜು ತನ್ನ ವಿದ್ಯಾರ್ಥಿಗಳಿಂದ ಬಯಸಿದ ಪೂರ್ವಾಧ್ಯಯನವು ಆಶ್ಚರ್ಯಕರವಾದಷ್ಟು ಅಲ್ಪ: ವಯಸ್ಸು 14ರಿಂದ 20; ಇಂಗ್ಲಿಷು, ಅದರೊಡನೆ ಬಂಗಾಳಿ ಅಥವಾ ಹಿಂದೂಸ್ತಾನಿ; ಮತ್ತು ಅಂಕಗಣಿತ. ರಸಾಯನವನ್ನು ಕಾಲೇಜಿನೊಳಗೇ ಓಶಾನೆಸ್ಸಿಯು ಕಲಿಸಿದನು. ಅಂದರೆ ಭಾಷೆಯು ಹೊರಗೆ, ವಿಜ್ಞಾನವು ಒಳಗೆ ಎಂಬ ಹಳೆಯ ವಿಭಾಗವು ಇಲ್ಲಿಯೂ ಉಳಿಯಿತು. ಭಾಷೆ ಮಾತ್ರ ಬದಲಾಯಿತು. ಆದರೆ 1836ರಲ್ಲಿ ಆ ಕಾಲೇಜಿನಲ್ಲಿ ಮೊದಲು ಶವಚ್ಛೇದವನ್ನು ಮಾಡಿದ ಭಾರತೀಯನು ಯಾರು? ಮುಚ್ಚಿಹೋದ ಸಂಸ್ಕೃತ ತರಗತಿಯಿಂದ ಬಂದ ಮಧುಸೂದನ ಗುಪ್ತನೇ. ಜನವರಿ 10 ಎಂದು ಕೆಲವರೂ ಅಕ್ಟೋಬರ್ 28 ಎಂದು ಕೆಲವರೂ ಬರೆಯುತ್ತಾರೆ, ವರ್ಷದಲ್ಲಿ ವಿವಾದವಿಲ್ಲ. ಸಂಸ್ಕೃತವನ್ನು ಓದಿದವನು ಕತ್ತಿಯನ್ನು ಹಿಡಿಯಲಾರನೆಂಬ ಮಾತಿಗೆ ಇದಕ್ಕಿಂತ ಬೇರೆ ಪ್ರತ್ಯುತ್ತರವು ಬೇಡ.

ಮೈಸೂರು ದೇಶದಲ್ಲಿ 1908ರಲ್ಲಿ ಆಯುರ್ವೇದ ಕಾಲೇಜೂ, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೆಡಿಕಲ್ ಕಾಲೇಜೂ ಏರ್ಪಟ್ಟುವು. ಮುಂದೆ ದೇಶದಾದ್ಯಂತ ಭೌತ, ರಸಾಯನ, ಜೀವಶಾಸ್ತ್ರಗಳು ಕಾಲೇಜಿನ ಒಳಗಿನಿಂದ ಹೊರಬಂದು, ಪ್ರವೇಶಕ್ಕೆ ಮುಂಚಿನ ತರಗತಿಗಳಲ್ಲಿ ನೆಲೆಸಿದುವು. ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿಯು ಆ ಮೂರನ್ನೂ ಇಂಗ್ಲಿಷಿನೊಡನೆ ವಿಧಿಸಿತು. 2016ರಿಂದ ನೆಲೆನಿಂತ ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೂ, 180 ಭೌತಶಾಸ್ತ್ರಕ್ಕೂ, 180 ರಸಾಯನಶಾಸ್ತ್ರಕ್ಕೂ ಸಲ್ಲುವುವು. ಭಾಷೆಗೂ ತರ್ಕಕ್ಕೂ ಒಂದಂಕವೂ ಇಲ್ಲ. 2017ರಿಂದ ಈ ಪ್ರಶ್ನೆಪತ್ರಿಕೆಯು ಕನ್ನಡದಲ್ಲಿಯೂ ದೊರೆಯುವುದು ಸಮಾಧಾನದ ಸಂಗತಿಯೇ. ಆದರೆ ಅಲ್ಲಿ ಕನ್ನಡವು ಮಾಧ್ಯಮ, ವಿದ್ಯೆಯಲ್ಲ. ಹದಿನಾರನೆಯ ವಯಸ್ಸಿನಲ್ಲಿ ಜೀವಶಾಸ್ತ್ರವನ್ನು ಬಿಟ್ಟು ಗಣಿತವನ್ನು ಹಿಡಿದವನು ಬಳಿಕ ಮನಸ್ಸು ಬದಲಾಯಿಸಿದರೆ ಬಹುಕಾಲ ದಾರಿಯಿರಲಿಲ್ಲ. ಹನ್ನೆರಡನೆಯ ತರಗತಿಯ ತರುವಾಯ ಹೆಚ್ಚುವರಿ ವಿಷಯವಾಗಿ ಅದನ್ನು ಓದಿ ತೇರ್ಗಡೆಯಾದವನನ್ನೂ ಸೇರಿಸಿಕೊಳ್ಳಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ತಿಳಿಸಿದುದು 2023ರ ನವೆಂಬರಿನಲ್ಲಿ. ಕಾರ್ಯದ ಗುರುಲಾಘವವನ್ನು ತೂಗಿ ನೋಡಲು ಚರಕನು ಕೊಟ್ಟ ಅವಕಾಶವನ್ನು ನೆನೆದರೆ, ಈ ತಿದ್ದುಪಡಿಯು ಬಹು ತಡವಾಗಿ ಬಂದಿತೆನ್ನಬೇಕು.

ವಿಚಿತ್ರವೆಂದರೆ ಆಯುರ್ವೇದದ ಪದವಿಗೆ ಸೇರುವವನೂ ಇಂದು ಇದೇ ಮೂರು ವಿಜ್ಞಾನಗಳನ್ನು ಓದಿ, ಇದೇ ನೀಟ್ ಪರೀಕ್ಷೆಯ ಮೂಲಕವೇ ಬರಬೇಕು. ಪಿ. ಯು. ತರಗತಿಗಳಲ್ಲಿ ಸಂಸ್ಕೃತವನ್ನು ಅವನು ಮುಟ್ಟಿರಬೇಕೆಂಬ ನಿಯಮವಿಲ್ಲ. ನ್ಯಾಯವೈಶೇಷಿಕಗಳ ಹೆಸರನ್ನು ಕೇಳಿರಲು ಕಾರಣವೇ ಇಲ್ಲ. ಆದುದರಿಂದ ಮೊದಲನೆಯ ವರ್ಷದಲ್ಲಿಯೇ ಅವನಿಗೆ ಸಂಸ್ಕೃತವನ್ನೂ ಪದಾರ್ಥವಿಜ್ಞಾನವನ್ನೂ ಕಲಿಸಬೇಕಾಗಿ ಬಂದಿದೆ. ಹಿಂದೆ ವಿಜ್ಞಾನವು ಒಳಗಿದ್ದು ಭಾಷೆಯು ಹೊರಗಿದ್ದಿತು. ಈಗ ವಿಜ್ಞಾನವನ್ನು ಹೊರಗೆ ಮುಗಿಸಿ ಬಂದವನು ಒಳಗೆ ರಾಮಶಬ್ದವನ್ನು ಬಾಯಿಪಾಠಮಾಡುತ್ತ, ಅದೇ ವರ್ಷ ಚರಕದ ಮೊದಲನೆಯ ಅಧ್ಯಾಯದ ಸಮವಾಯವನ್ನು ಬಿಡಿಸಿಕೊಳ್ಳಲು ತೊಡಗುತ್ತಾನೆ.