ಒಂದು ‘ಮ’ ಸಿಕ್ಕಿಹಾಕ್ಕೊಂಡ ಕಥೆ: ಕೋಲ್ಟ್ರೇನ್, ಕದ್ರಿ, ರುದ್ರೇಶ್

ಹೋದ ತಿಂಗಳು ಕಾಲೇಜು ಫೆಸ್ಟಲ್ಲಿ ನನ್ನ ಕೀಬೋರ್ಡ್ ಸೋಲೋ ಕೆಟ್ಟಿದ್ದನ್ನ ನಿಮ್ಮಲ್ಲಿ ಅರ್ಧ ಜನ ಮುಂದಿನ ಸಾಲಲ್ಲೇ ಕೂತು ನೋಡಿದ್ದೀರಿ. ವಿಡಿಯೋನೂ ಗ್ರೂಪಲ್ಲಿ ಓಡಾಡ್ತಿದೆ, ಗೊತ್ತು. ಒತ್ತಿದ್ದೆಲ್ಲ ಬಿಳಿ ಕೀಗಳೇ, ಒಂದೂ ತಪ್ಪು ಸ್ವರ ಇಲ್ಲ ಅಂತ ನನ್ನ ಲೆಕ್ಕ. ಆದ್ರೂ ಕೇಳೋಕಾಗ್ಲಿಲ್ಲ. ಯಾಕೆ ಅಂತ ಭೇರ್ಯದಿಂದ ಮೈಸೂರಿಗೆ ಬಸ್ಸಲ್ಲಿ ಓಡಾಡ್ತಾ ಅದೇ ವಿಡಿಯೋ ಹತ್ತಾರು ಸಲ ಕೇಳಿದೆ. ಕಡೆಗೆ ಕಳ್ಳ ಸಿಕ್ಕಿದ. ಒಂದೇ ಒಂದು ಸ್ವರ: ಮ.

ಈ ಸಲದ ಇತಿಹಾಸ ಪೋಸ್ಟು ಅದರ ಮೇಲೇ. ಮೊದಲು ಸ್ವಲ್ಪ ಲೆಕ್ಕ ಇದೆ, ತಾಳ್ಮೆ ಇರಲಿ.

ಕಾರ್ಡ್ ಅಂದ್ರೆ ಮೂರು ನಾಲ್ಕು ಸ್ವರ ಒಟ್ಟಿಗೇ ನುಡಿಯೋದು. (ಎಟಿಎಂದಲ್ಲ ಕಣ್ರಪ್ಪಾ.) ಜಾಝ್‌ನಲ್ಲಿ ಮೂರು ಕಾರ್ಡ್‌ಗಳ ಒಂದು ಸಾಲು ಪದೇ ಪದೇ ಬರುತ್ತೆ. ನಮ್ಮ ಸ್ವರದಲ್ಲಿ ಬರೆದ್ರೆ: ರಿ-ಮ-ದ-ಸ, ಆಮೇಲೆ ಪ-ನಿ-ರಿ-ಮ, ಕೊನೆಗೆ ಸ-ಗ-ಪ-ನಿ. ಈ ಮೂರನೇದೇ ಮನೆ. ಮೊದಲೆರಡು ಮನೆಗೆ ಬರೋ ದಾರಿ. ಎಲ್ಲಾ ಸ್ವರವೂ ಶಂಕರಾಭರಣದವೇ. ಹಾಗಾಗಿ ಶಂಕರಾಭರಣ ಓಡಿಸಿದ್ರೆ ಮುಗೀತು ಅನ್ಕೊಂಡಿದ್ದೆ.

ಜಾಝ್‌ನವರು ನೋಡೋದು ಬೇರೆ. ಒಂದು ಕಾರ್ಡಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಸ್ವರ ಜರುಗುತ್ತೆ, ಯಾವುದು ನಿಲ್ಲುತ್ತೆ ಅನ್ನೋದನ್ನ ಮೊದಲು ಗುರುತು ಹಾಕ್ಕೊಳ್ತಾರೆ. ಮೊದಲ ಕಾರ್ಡಿನ ಸ ಅರ್ಧ ಮೆಟ್ಟಿಲು ಇಳಿದು ಎರಡನೇದರ ನಿ ಆಗುತ್ತೆ, ಮ ಅಲ್ಲೇ ಕಾಯುತ್ತೆ. ಮನೆಗೆ ಬಂದಾಗ ಮ ಇಳಿದು ಗ ಆಗುತ್ತೆ, ನಿ ನಿಲ್ಲುತ್ತೆ. ಈ ಎರಡು ಇಳಿತ ಕಿವಿಗೆ ಸಿಕ್ಕಿದ್ರೆ ಕೇಳುಗನಿಗೆ ಮನೆ ಸೇರಿದ ಸಮಾಧಾನ. ನಾನು ಮನೆ ಬಾಗಿಲಿಗೆ ಬಂದೂ ಮ ಹಿಡ್ಕೊಂಡೇ ನಿಂತಿದ್ದೆ. ಕೆಳಗೆ ಗ ಇತ್ತು, ಮೇಲೆ ನನ್ನ ಮ. ಎರಡೂ ಜಗಳಕ್ಕೆ ಬಿದ್ವು.

ಸೋಲೋ ಅಂದ್ರೆ ನಿಂತ ನಿಲುವಲ್ಲಿ ಹುಟ್ಟೋದು ಅಂತಾರಲ್ಲ, ಅದು ಅರ್ಧ ನಿಜ ಅಷ್ಟೇ. ಮನೆ ಎಲ್ಲಿ, ಎಲ್ಲಿ ಬದಲಾಗುತ್ತೆ, ಯಾವ ಸ್ವರದ ಮೇಲೆ ಇಳೀಬೇಕು ಅಂತ ಮನೇಲಿ ಲೆಕ್ಕ ಹಾಕಿ, ಅದು ಕೈಗೆ ಕೂತ ಮೇಲೆ ಸ್ಟೇಜಲ್ಲಿ ಮರೆತುಬಿಡೋದು.

ಲೆಕ್ಕ ಹಾಕೋಕೆ ಪುರುಸೊತ್ತೇ ಸಿಗದಿದ್ರೆ? 1959ರ ಮೇ ತಿಂಗಳು. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ‘ಜೈಂಟ್ ಸ್ಟೆಪ್ಸ್’ ರೆಕಾರ್ಡ್ ಮಾಡಿದ್ರು. ಅದರಲ್ಲಿ ಮನೆ ಒಂದಲ್ಲ, ಮೂರು. ಹನ್ನೆರಡು ಸ್ವರಸ್ಥಾನವನ್ನ ನಾಲ್ಕು ನಾಲ್ಕಾಗಿ ಭಾಗ ಮಾಡಿದ ಮೂರು ಜಾಗದಲ್ಲಿ ‘ಸ’ ಹಾರ್ತಾ ಇರುತ್ತೆ, ಬಹಳ ಕಡೆ ಎರಡೆರಡು ಎಣಿಕೆಗೇ ಕಾರ್ಡ್ ಬದಲು, ಅದೂ ಓಟದ ವೇಗದಲ್ಲಿ. ಕೋಲ್ಟ್ರೇನ್ ಇದನ್ನ ಅರೆದು ಕುಡಿದು ಬಂದಿದ್ರು. ಪಿಯಾನೋದಲ್ಲಿದ್ದ ಟಾಮಿ ಫ್ಲಾನಗನ್ ದೊಡ್ಡ ವಾದಕರೇ, ಆದ್ರೆ ಅವರ ಸೋಲೋ ಅಲ್ಲಲ್ಲಿ ತಡವರಿಸೋದು ಇವತ್ತಿಗೂ ಆ ಆಲ್ಬಮ್ಮಲ್ಲಿ ಹಾಗೇ ಕೇಳುತ್ತೆ. 1982ರಲ್ಲಿ ಅದೇ ಹೆಸರಿನ ಆಲ್ಬಮ್ ಮಾಡಿ ಅದನ್ನ ಮತ್ತೆ ನುಡಿಸಿದ್ರು ಪುಣ್ಯಾತ್ಮ. ನನ್ನ ವಿಡಿಯೋ ನೋಡಿ ನಕ್ಕವರು ಇದನ್ನ ನೆನಪಿಟ್ಕೊಳ್ಳಿ.

ಅದಕ್ಕೆ ಎರಡು ತಿಂಗಳ ಮುಂಚೆ, ಅದೇ ಕೋಲ್ಟ್ರೇನ್, ಮೈಲ್ಸ್ ಡೇವಿಸ್ ಜೊತೆ ‘ಸೋ ವಾಟ್’ ನುಡಿಸಿದ್ರು. ಅದು ಪೂರಾ ಉಲ್ಟಾ. 16 ಬಾರ್ ಒಂದೇ ಸ್ವರಶ್ರೇಣಿ, 8 ಬಾರ್ ಅದನ್ನೇ ಅರ್ಧ ಮೆಟ್ಟಿಲು ಮೇಲೆ, ಮತ್ತೆ 8 ಬಾರ್ ವಾಪಸ್. ಆ ಸ್ವರಗಳನ್ನ ನಾವು ಖರಹರಪ್ರಿಯ ಅಂತೀವಿ. ಗಮಕ ಇಲ್ಲ, ಹಾಗಾಗಿ ರಾಗ ಅನ್ನೋಕಾಗಲ್ಲ, ಸ್ವರ ಮಾತ್ರ ಅವೇ. ಓಡೋ ಕಾರ್ಡ್‌ಗಳನ್ನ ಜಾಝ್‌ನವರೇ ಬದಿಗಿಟ್ಟಾಗ ನಮ್ಮ ಕಡೆಯವರಿಗೂ ಒಂದು ಬಾಗಿಲು ತೆರೀತು.

ಆ ಬಾಗಿಲಲ್ಲಿ ಬಂದವರು ಬಂಟ್ವಾಳ ತಾಲೂಕಿನ ಹುಡುಗ. ಕದ್ರಿ ಗೋಪಾಲನಾಥ್, ಹುಟ್ಟಿದ್ದು 1949, ಅಪ್ಪ ತನಿಯಪ್ಪ ನಾಗಸ್ವರ ನುಡಿಸೋರು. ಮಗ ಸ್ಯಾಕ್ಸೊಫೋನ್‌ಗೆ ಮನಸೋತಿದ್ದು ಎಲ್ಲಿ ಗೊತ್ತಾ? ನಮ್ಮ ಮೈಸೂರಲ್ಲಿ, ಅರಮನೆ ಬ್ಯಾಂಡ್ ಕೇಳಿ. ಕೆ.ಆರ್. ನಗರಕ್ಕೆ ಯಾರ ಹೆಸರಿದೆಯೋ ಆ ನಾಲ್ವಡಿಯವರು ವೀಣೆಗೂ ಪಾಶ್ಚಾತ್ಯ ವಾದ್ಯಕ್ಕೂ ಒಂದೇ ಅರಮನೇಲಿ ಜಾಗ ಕೊಟ್ಟಿದ್ರು. ಅದರ ಫಲ ಎಷ್ಟು ದೂರ ಹೋಯ್ತು ನೋಡಿ.

ಕದ್ರಿಯವರು ಕಾರ್ಡ್ ಹಿಂದೆ ಹೋಗ್ಲಿಲ್ಲ. ವಾದ್ಯದಲ್ಲೇ ಮಾರ್ಪಾಡು ಮಾಡ್ಕೊಂಡು ಗಮಕ ಹೊರಡಿಸಿದ್ರು. 1980ರಲ್ಲಿ ಬಾಂಬೆಯ ‘ಜಾಝ್ ಯಾತ್ರಾ’ದಲ್ಲಿ ಅವರನ್ನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ನಾನೂ ಜೊತೆಗೆ ನುಡಿಸ್ಲಾ ಅಂತ ಕೇಳಿ ವೇದಿಕೆ ಹತ್ತಿದ್ರು. 1994ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್.

ಇನ್ನೊಂದು ಕಡೆ, ಕರ್ನಾಟಕದಿಂದ ಹೋದ ಕುಟುಂಬದ ರುದ್ರೇಶ್ ಮಹಾಂತಪ್ಪ. ಹುಟ್ಟಿದ್ದು 1971ರಲ್ಲಿ ಇಟಲಿಯಲ್ಲಿ, ಬೆಳೆದಿದ್ದು ಅಮೆರಿಕದ ಕೊಲರಾಡೋದಲ್ಲಿ. ಅವರ ಸ್ಯಾಕ್ಸೊಫೋನ್ ಪೂರ್ತಿ ಕಾರ್ಡ್ ಲೆಕ್ಕದ್ದು. ಆದ್ರೆ ಹೆಸರು ನೋಡಿದವರೆಲ್ಲ ಇವರಿಗೆ ರಾಗ ಗೊತ್ತೇ ಇರುತ್ತೆ ಅನ್ಕೊಳ್ಳೋರು. ಅಣ್ಣ ತಮಾಷೆಗೆ ಅಂತ ಕೊಟ್ಟ ಆಲ್ಬಮ್ ಕದ್ರಿಯವರದ್ದು. ತಮಾಷೆ ತಲೇಲಿ ಉಳೀತು. 2004ರ ‘ಮದರ್ ಟಂಗ್’ ಆಲ್ಬಮ್ಮಲ್ಲಿ, ‘ನೀವು ಇಂಡಿಯನ್ ಮಾತಾಡ್ತೀರಾ’ ಅನ್ನೋ ಪ್ರಶ್ನೆಗೆ ಜನ ಕೊಟ್ಟ ಉತ್ತರಗಳ ಏರಿಳಿತವನ್ನೇ ರಾಗ ಮಾಡಿದ್ರು. ಒಂದು ಟ್ರ್ಯಾಕಿನ ಹೆಸರೇ ‘ಕನ್ನಡ’. ನನಗೆ ಅವರ ಕೆಲಸದಲ್ಲಿ ಅತಿ ಇಷ್ಟವಾದದ್ದು ಅದೇ.

2008ರ ‘ಕಿನ್ಸ್‌ಮೆನ್’ನಲ್ಲಿ ಇಬ್ಬರೂ ಒಟ್ಟಿಗೆ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಜೊತೆಗೆ ಗಿಟಾರ್, ಬೇಸ್, ಡ್ರಮ್ಸ್. ಕಷ್ಟ ಊಹಿಸಿ: ಒಬ್ಬರ ‘ಸ’ ಕಚೇರಿ ಮುಗಿಯೋವರೆಗೂ ಕದಲೋ ಹಾಗಿಲ್ಲ, ಇನ್ನೊಬ್ಬರಿಗೆ ‘ಸ’ ಹಾರೋದೇ ಮಜಾ. ಕಾರ್ಡ್ ಸರಣಿ ಇಟ್ರೆ ಕದ್ರಿ ಕೈ ಕಟ್ಟಿದ ಹಾಗೆ. ಅದರಲ್ಲಿ ‘ಕಲ್ಯಾಣಿ’ ಅಂತ ಒಂದಿದೆ. ಕಲ್ಯಾಣಿ ಯಾಕೆ ಒಗ್ಗುತ್ತೆ ಅಂದ್ರೆ, ಅಲ್ಲಿರೋದು ಪ್ರತಿ ಮಧ್ಯಮ. ಆ ಮ, ಗ ಮೇಲೆ ಒರಗಲ್ಲ. ನನ್ನ ಮನೆ ಕಾರ್ಡ್ ಸ-ಗ-ಪ-ನಿ ಮೇಲೆ ಅದನ್ನ ಎಷ್ಟು ಹೊತ್ತು ಹಿಡಿದ್ರೂ ಜಗಳ ಇಲ್ಲ. 1953ರಲ್ಲೇ ಜಾರ್ಜ್ ರಸೆಲ್ ಇದೇ ಸ್ವರಶ್ರೇಣಿಯನ್ನ ಬುಡವಾಗಿಟ್ಟು ಜಾಝ್‌ಗೆ ಒಂದು ಶಾಸ್ತ್ರವನ್ನೇ ಬರೆದಿದ್ರು.

ಕದ್ರಿಯವರು 2019ರ ಅಕ್ಟೋಬರ್ 11ರಂದು ಮಂಗಳೂರಲ್ಲಿ ತೀರಿಕೊಂಡ್ರು.

ಈ ಭಾನುವಾರ ಅದೇ ಮೂರು ಕಾರ್ಡ್ ಮೇಲೆ ಎರಡು ಸಲ ನುಡಿಸಿ ಹಾಕ್ತೀನಿ. ಒಂದರಲ್ಲಿ ಮ ಇಳಿದು ಗ ಸೇರುತ್ತೆ, ಇನ್ನೊಂದರಲ್ಲಿ ಕಲ್ಯಾಣಿ ಮ ನಿಂತೇ ಇರುತ್ತೆ. ಯಾವುದು ಯಾವುದು ಅಂತ ಕಾಮೆಂಟಲ್ಲಿ ಹೇಳಿ. ಹಳೇ ವಿಡಿಯೋ ಮಾತ್ರ ಡಿಲೀಟ್ ಮಾಡ್ರೋ.